ದ್ರಾಕ್ಷಿ ತೋಟದ ಹುಡುಗಿಯರ ಸಿಸ್ಟರ್

ಮೊನ್ನೆ ಚಿಕಲಠಾಣಾ ರಸ್ತೆಯ ಕೈಗಾಡಿಯವನಿಂದ ದ್ರಾಕ್ಷಿ ತಂದಿದ್ದೆ. ತೊಳೆಯಲು ಗೊಂಚಲು ಎತ್ತಿದಾಗ ಗಂಧಕದ ವಾಸನೆ ಮೂಗಿಗೆ ಬಡಿಯಿತು. ತೋಟದಲ್ಲಿ ಬಳ್ಳಿಗೆ ರೋಗ ತಗಲದಿರಲೆಂದು ಎರಚುವ ಪುಡಿಯ ವಾಸನೆ. ನಲ್ಲಿ ಸುರಿಯುತ್ತಲೇ ಇತ್ತು, ನಾನು ಗೊಂಚಲು ಹಿಡಿದು ಹಾಗೇ ನಿಂತಿದ್ದೆ... ಸಿಸ್ಟರ್ ನೆನಪಾಗಿದ್ದರು.

ಅವರು ಕ್ರೈಸ್ತ ಸನ್ಯಾಸಿನಿ, ನಾಸಿಕದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದರು. ಊರು ಮಂಗಳೂರಿನ ಕಡೆ. ನಮ್ಮಪ್ಪ ವಿಜಯಪುರದವರು, ಬ್ಯಾಂಕಿನ ಕೆಲಸದ ಮೇಲೆ ನಾಸಿಕಕ್ಕೆ ಬಂದವರು. ಇಡೀ ಕಾಲೇಜಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನನ್ನ "ಹೌದ್ರಿ, ಇಲ್ರಿ" ಕೇಳಿ ಅವರು ನಗುತ್ತಿದ್ದರು. ಅವರ "ಎಂತ ಮಾರಾಯ್ತಿ" ಕೇಳಿ ನಾನು.

ಪ್ರತಿ ವರ್ಷದ ಮೊದಲ ಪಾಠ ಕಾಲೇಜಿನದೇ ಕಥೆ. ಯುರೋಪಿನಿಂದ ಹಡಗಿನಲ್ಲಿ ಬಂದ ಕೆಲವು ಸನ್ಯಾಸಿನಿಯರು ಹಂಚು ಸೋರುವ ಬಾಡಿಗೆ ಬಂಗಲೆಯಲ್ಲಿ ಶಾಲೆ ತೆರೆದರು. ದೊಡ್ಡ ಮನೆಯವರು ಜಾತಿ ಕೆಟ್ಟೀತೆಂದು ಮಕ್ಕಳನ್ನು ಕಳಿಸಲಿಲ್ಲ. ಈ ಹೆಂಗಸರು ಎತ್ತಿನ ಗಾಡಿಯಲ್ಲಿ ಹಳ್ಳಿ ಸುತ್ತಿ, ತಮ್ಮ ಅರೆಬರೆ ಮರಾಠಿಯಲ್ಲಿ ಹುಡುಗಿಯರನ್ನು ಬೇಡಿ ತಂದರು. ಕೂಲಿಯವರ ಮಕ್ಕಳು, ಎಳೆಯ ವಿಧವೆಯರು, ಮನೆಗೆ ಬೇಡವಾದವರು... ಹೆಸರು ಬಂದ ಮೇಲೆ ದೊಡ್ಡ ಮನೆಯವರೂ ಬಂದರು, ಶಾಲೆ ಬೆಳೆದು ಕಾಲೇಜಾಯಿತು. ಕಥೆ ಮುಗಿಸಿ ಸಿಸ್ಟರ್ ಮುಂದಿನ ಬೆಂಚು ತೋರಿಸುತ್ತಿದ್ದರು. "ಇದು ಅವರ ಜಾಗ. ನಾವೆಲ್ಲ ಆಮೇಲೆ ಬಂದವರು."

ಆ ಬೆಂಚಿನಲ್ಲಿ ನಾಸಿಕದ ಹತ್ತಿರದ ನಿಫಾಡಿನ ಹುಡುಗಿಯರು ಕೂರುತ್ತಿದ್ದರು. ಬೆಳಗ್ಗೆ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿ, ಮಧ್ಯಾಹ್ನದ ಬಸ್ಸಿಗೆ ಓಡಿಬರುವವರು. ಅವರಿಗೆಂದೇ ಸಿಸ್ಟರ್ ಮರಾಠಿಯಲ್ಲಿ ಮಧ್ಯಾಹ್ನದ ತರಗತಿ ಶುರು ಮಾಡಿದ್ದರು. ಇತಿಹಾಸದ ಪಾಠಕ್ಕೆ ಮಾತ್ರ ನಮ್ಮ ಜೊತೆ ಕೂರಿಸುತ್ತಿದ್ದರು. ಅವರ ಬಟ್ಟೆಯಿಂದ ಗಂಧಕದ ವಾಸನೆ ಬರುತ್ತಿತ್ತು. ನಗರದ ಕೆಲವು ತಾಯಂದಿರು ದೂರು ಕೊಟ್ಟರು. ಸಿಸ್ಟರ್ ಅವರನ್ನು ಕರೆಸಿ, "ನೀವು ಮನೆಯಲ್ಲಿ ದ್ರಾಕ್ಷಿ ತಿನ್ನುವುದಿಲ್ಲವೇ?" ಎಂದಷ್ಟೇ ಕೇಳಿ ಕಳಿಸಿದರಂತೆ.

ನಾನು ಎರಡನೇ ವರ್ಷದಲ್ಲಿದ್ದಾಗ ಅಪ್ಪನಿಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಊರಿಗೆ ಆಗ ಹಳೆಯ ಹೆಸರೇ ಇತ್ತು. ಓದು ಬಿಡಿಸಿ ಮದುವೆ ಮಾಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸುದ್ದಿ ತಿಳಿದ ಸಿಸ್ಟರ್ ಕ್ವಾರ್ಟರ್ಸಿಗೇ ಬಂದರು.

"ಹೆಣ್ಣ ಹುಡುಗಿ ನೋಡ್ರಿ ಸಿಸ್ಟರ್," ಎಂದರು ಅಪ್ಪ. "ಒಬ್ಬಾಕಿನ್ನ ಹೆಂಗ ಬಿಟ್ಟ ಹೋಗೂದ್ರಿ?"

"ಟ್ರಾನ್ಸ್‌ಫರ್ ಆದದ್ದು ನಿಮಗಲ್ವಾ?" ಸಿಸ್ಟರ್ ಚಹಾ ಲೋಟ ಕೆಳಗಿಟ್ಟರು. "ಅವಳಿಗೆ ಆಗ್ಲಿಲ್ಲ. ಹಾಸ್ಟೆಲಲ್ಲಿ ಇರ್ಲಿ, ನಾನು ಉಂಟಲ್ಲ."

ಅಪ್ಪ ನಕ್ಕುಬಿಟ್ಟರು. ನಾನು ಉಳಿದೆ, ಪದವಿ ಮುಗಿಸಿದೆ. ಇವತ್ತು ನಾನು ನನ್ನ ಸಂಬಳದಲ್ಲಿ ಬದುಕುತ್ತಿರುವುದು ಆ ಒಂದು ಮಧ್ಯಾಹ್ನದಿಂದ.

ಮದುವೆಯಾಗಿ ನಾನೂ ಸಂಭಾಜಿನಗರಕ್ಕೇ ಬಂದೆ. ವರ್ಷಗಳ ನಂತರ ಸಿಸ್ಟರ್ ಕೂಡ ಇಲ್ಲಿನ ಕಾನ್ವೆಂಟಿಗೆ ಬಂದಿದ್ದಾರೆಂದು ತಿಳಿದು ಹಿಗ್ಗಿನಿಂದ ಓಡಿದೆ. ಅವರು ಅಡುಗೆಮನೆಯ ಹಿಂದೆ ಗೋಧಿ ಹಸನು ಮಾಡುತ್ತ ಕೂತಿದ್ದರು. ನಾಸಿಕದಲ್ಲಿ ಆಡಳಿತದವರು ಕಾಲೇಜನ್ನು ವಿಶ್ವವಿದ್ಯಾಲಯ ಮಾಡಲು ಹೊರಟಿದ್ದರು; ಅದಕ್ಕೆ ಮೊದಲು ಮಧ್ಯಾಹ್ನದ ತರಗತಿ ಮುಚ್ಚಬೇಕೆಂದರು, ಆ ಹುಡುಗಿಯರಿಂದ ಮಟ್ಟ ಇಳಿಯುತ್ತದೆ ಎಂದರು. ಸಿಸ್ಟರ್ ಸಭೆಯಲ್ಲಿ ಎದ್ದು, ಹಾಗಾದರೆ ಗೋಡೆಯ ಮೇಲಿನ ಆ ಮೊದಲ ಸನ್ಯಾಸಿನಿಯರ ಫೋಟೋಗಳನ್ನೂ ಇಳಿಸಿ ಎಂದರಂತೆ. ಮುಂದಿನ ವಾರವೇ ಅವರನ್ನು ಇಲ್ಲಿಗೆ ಕಳಿಸಿದರು. ಪಾಠ ಮಾಡುವ ಕೆಲಸವನ್ನೇ ಕೊಡಲಿಲ್ಲ.

"ನೀವು ಆಗೂದಿಲ್ಲ ಅನ್ನಬೇಕಿತ್ರಿ," ಎಂದೆ ಸಿಟ್ಟಿನಿಂದ.

"ಮೇಲಿನವರ ಮಾತು ಕೇಳ್ತೇನೆ ಅಂತ ವ್ರತ ತಗೊಂಡವಳಲ್ವಾ ಮಾರಾಯ್ತಿ, ನಾನು ಹಾಗೆ ಹೇಳುವ ಹಾಗಿಲ್ಲ," ಎಂದರು. ಗೋಧಿಯಿಂದ ಒಂದು ಕಲ್ಲು ಆರಿಸಿ ಎಸೆದು, "ಆ ಮಕ್ಕಳಿಗೆ ಎಂತ ಹೇಳಿದ್ರೋ... ನನಗೆ ಹೇಳಿ ಬರ್ಲಿಕ್ಕೂ ಬಿಡಲಿಲ್ಲ," ಎಂದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

ಅವರು ತೀರಿಕೊಂಡದ್ದು ಆ ವಿಶ್ವವಿದ್ಯಾಲಯದ ಉದ್ಘಾಟನೆ ಹತ್ತಿರ ಬಂದಾಗ. ನಾಸಿಕದ ಕಾಲೇಜಿನ ಪರವಾಗಿ ಒಬ್ಬ ಡ್ರೈವರ್ ಹೂವಿನ ಹಾರ ತಂದು, ಪೆಟ್ಟಿಗೆಯ ಮೇಲಿಟ್ಟು, ತಡವಾಗುತ್ತದೆಂದು ಹೊರಟುಹೋದ. ಬಂದು ಅತ್ತವಳು ಮುಂದಿನ ಬೆಂಚಿನ ಒಬ್ಬಳು, ನಿಫಾಡಿನವಳು. ಮಧ್ಯಾಹ್ನದ ತರಗತಿಯಿಂದ ಓದಿ ನರ್ಸ್ ಆಗಿದ್ದಾಳೆ. ಮಗಳನ್ನು ಜೊತೆಗೆ ಕರೆತಂದಿದ್ದಳು. ಮಣ್ಣು ಹಾಕುವಾಗ ಮಗಳ ಕೈಯಿಂದಲೂ ಹಾಕಿಸಿದಳು.

ಉದ್ಘಾಟನೆಗೆ ನನಗೆ ಹಳೆಯ ವಿದ್ಯಾರ್ಥಿನಿಯೆಂದು ಆಮಂತ್ರಣ ಬಂತು. ಹೋಗಬಾರದೆಂದುಕೊಂಡೇ ಹೋದೆ. ಸಭಾಂಗಣದ ಪಕ್ಕದಲ್ಲಿ ಸಂಸ್ಥೆಯ ಇತಿಹಾಸದ ಪ್ರದರ್ಶನ. ಹಡಗು, ಬಂಗಲೆ, ಎತ್ತಿನ ಗಾಡಿ, ಎಲ್ಲ ಇತ್ತು. ಕೊನೆಯಲ್ಲಿ ಗೋಡೆಯಷ್ಟು ದೊಡ್ಡ ಫೋಟೋ: ನಿಫಾಡಿನ ಹುಡುಗಿಯರು, ತಲೆಯ ಮೇಲೆ ಸೆರಗು, ಎದೆಗೆ ಅಪ್ಪಿಕೊಂಡ ಪುಸ್ತಕ. ಕೆಳಗೆ, 'ಗ್ರಾಮೀಣ ಮಹಿಳೆಯರ ಸಬಲೀಕರಣ: ನಮ್ಮ ಪರಂಪರೆ'. ಒಬ್ಬ ಹುಡುಗಿಯ ಭುಜದ ಮೇಲೆ ಒಂದು ಕೈ ಇತ್ತು, ಸನ್ಯಾಸಿನಿಯ ಬಿಳಿ ನಿಲುವಂಗಿಯ ತೋಳಿನ ಕೈ. ಕೈಯ ಆಚೆ ಫೋಟೋ ಕತ್ತರಿಸಿದ್ದರು.

ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿಯನ್ನು ಕೇಳಿದೆ, ಈ ತರಗತಿ ಈಗ ಎಲ್ಲಿ ನಡೆಯುತ್ತದೆ ಎಂದು. "ತೇ ಆತಾ ಬಂದ್ ಆಹೇ ಮ್ಯಾಡಮ್," ಎಂದು ನಕ್ಕಳು. ಈಗ ಅದೆಲ್ಲ ಮುಚ್ಚಿದೆಯಂತೆ. ಪಾಪ, ಅವಳಿಗೇನು ಗೊತ್ತು. ಕುಲಪತಿಗಳನ್ನು ಹುಡುಕಿಕೊಂಡು ಹೋಗಿ, ಆ ಕೈ ಯಾರದೆಂದು ಕೇಳಿದೆ. "ನಮ್ಮಲ್ಲಿ ವ್ಯಕ್ತಿಗಿಂತ ಸಂಸ್ಥೆ ದೊಡ್ಡದು," ಎಂದು ಹೇಳಿ, ಅವರು ಮಂತ್ರಿಗಳ ಕಡೆ ನಡೆದರು. ನಾನು ಊಟಕ್ಕೆ ನಿಲ್ಲಲಿಲ್ಲ.

ಈ ವಾರ ನಿಫಾಡಿನವಳ ಫೋನ್ ಬಂತು. ಮಗಳು ಆ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಿದ್ದಳು. ಇಂಗ್ಲಿಷ್ ಸಾಲದೆಂದು ಸಂದರ್ಶನದಲ್ಲೇ ವಾಪಸು ಕಳಿಸಿದ್ದಾರೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ಅಕ್ಕಾ, ನಿಮಗೆ ಅಲ್ಲಿ ಪರಿಚಯ ಇದೆಯಲ್ಲ," ಎಂದಳು ಮರಾಠಿಯಲ್ಲಿ. "ಈಗ ಅಲ್ಲಿ ಯಾರ ಹತ್ತಿರ ಹೋಗಿ ಮಾತಾಡಬೇಕು?"

ಉದ್ಘಾಟನೆಯ ದಿನ ವೇದಿಕೆಯ ಮೇಲಿದ್ದ ಮುಖಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ.

"ಯಾರೂ ಇಲ್ಲ," ಎಂದೆ.