ಮೊದಲ ಎಲೆಗೆ ಮುಂಚಿನ ಆರು ನಿಮಿಷ

ನನ್ನ ಮಾಮ, ಅಂದರೆ ಅಮ್ಮನ ತಮ್ಮ, ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು. ಅದೇ ಅಂಗಡಿಯಲ್ಲಿ ಗುಂಡಿ ಹಚ್ಚುವವಳು ನಾನು. ಕೋಟಿನ ಬಟ್ಟೆ ಬಂದರೆ ಅವನು ಅದನ್ನು ಉದ್ದನೆಯ ಮೇಜಿನ ಮೇಲೆ ಹರಡಿ, ಬೆನ್ನು, ತೋಳು, ಕಾಲರು, ಕೊನೆಗೆ ಜೇಬಿನ ಪಟ್ಟಿಯವರೆಗೆ ಎಲ್ಲ ರಟ್ಟಿನ ಅಚ್ಚುಗಳನ್ನೂ ಇಟ್ಟು ನೋಡುತ್ತಾನೆ. ಎಲ್ಲಕ್ಕೂ ಜಾಗ ಸಿಗುವವರೆಗೆ ಜಪ್ಪಯ್ಯ ಅಂದರೂ ಕತ್ತರಿ ಮುಟ್ಟುವುದಿಲ್ಲ. ಗಿರಾಕಿ ಎದುರಿಗೆ ನಿಂತು ಕುಣಿದರೂ ಅಷ್ಟೇ. ಮುಟ್ಟಿದ ಮೇಲೆ ಮಾತ್ರ ನಡುವೆ ಎಲ್ಲೂ ನಿಲ್ಲುವುದಿಲ್ಲ.

ಅಮ್ಮ ಇದಕ್ಕೆ ತದ್ವಿರುದ್ಧ. ಮೂವತ್ತು ವರ್ಷ ರೈಲಿನ ಟಿಕೆಟ್ ಕಿಟಕಿಯ ಹಿಂದೆ ಕೂತವಳು. ಊರಿನ ಹೆಸರು ಅರ್ಧ ಹೇಳುವಷ್ಟರಲ್ಲಿ ಟಿಕೆಟ್ ಹೊರಗೆ ಬಂದಿರುತ್ತಿತ್ತು. ಇವರಿಬ್ಬರೂ ಇಪ್ಪತ್ತೆರಡು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ವಾಚನಾಲಯದ ಮಹಡಿಯಲ್ಲಿ ಜೋಡಿಯಾಗಿ ಇಸ್ಪೀಟಿನ ಬ್ರಿಜ್ ಆಡುತ್ತಾರೆ ಅಂದರೆ ಯಾರಿಗಾದರೂ ಆಶ್ಚರ್ಯವೇ. ಎಣ್ಣೆ ಸೀಗೇಕಾಯಿ ಒಂದೇ ಬಟ್ಟಲಲ್ಲಿ!

ಮಹಡಿಯ ನಿಯಮದ ಪ್ರಕಾರ ಒಂದು ಆಟಕ್ಕೆ ಎಂಟು ನಿಮಿಷ. ಮೀರಿದರೆ ಮೇಜಿನ ಗಡಿಯಾರ ಟ್ರಿಣ್ ಅನ್ನುತ್ತದೆ, ಆ ಆಟದ ಅಂಕ ಹೋಗುತ್ತದೆ. ಅಲ್ಲಿ ಮಾಮನಿಗಿರುವ ಹೆಸರು ಆಮೆ. ಆ ಭಾನುವಾರ ಎರಡನೇ ಆಟಕ್ಕೇ ಗಡಿಯಾರ ಬಾರಿಸಿತು. ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಅಮ್ಮ ಸುಮ್ಮನಿದ್ದರೆ ನನಗೆ ಭಯ. ಚಹದ ಬಿಡುವಿನಲ್ಲಿ ಅವಳು ನೇರ ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಡಾಕ್ಟರ ಜೋಡಿದಾರರಾದ ಬ್ಯಾಂಕ್ ಮ್ಯಾನೇಜರಿಗೆ ವರ್ಗವಾಗಿತ್ತು, ಇಲ್ಲಿ ಇದೇ ಅವರ ಕೊನೆಯ ಭಾನುವಾರ. ಡಾಕ್ಟರು ಹೊಸ ಜೋಡಿ ಹುಡುಕುತ್ತಿದ್ದರು.

"ಮುಂದಿನ ವಾರದಿಂದ ನಾನು ಬರ್ತೀನಿ, ಬರ್ಕೊಳ್ಳಿ," ಅಂದಳು.

ಗೋಡೆಗೆ ಅಂಟಿಸಿದ್ದ ಮುಂದಿನ ವಾರದ ಜೋಡಿಗಳ ಪಟ್ಟಿಯಲ್ಲಿ ಡಾಕ್ಟರು ತಮ್ಮ ಹೆಸರಿನ ಪಕ್ಕ ಅಮ್ಮನ ಹೆಸರು ಬರೆದರು. ಮಾಮ ಲೋಟ ಹಿಡಿದು ಅದನ್ನು ಓದಿದ. ನನಗೆ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು, ಮಾಮನ ಮೇಲೆ ಅದಕ್ಕಿಂತ ಹೆಚ್ಚು. ಬಾಯಿ ಬಿಟ್ಟು ಒಂದು ಮಾತು ಹೇಳಬಾರದೇ ಈ ಮನುಷ್ಯ?

ದಿನದ ಕೊನೆಯ ಆಟ ಅದೇ ಡಾಕ್ಟರು, ಮ್ಯಾನೇಜರ ವಿರುದ್ಧ ಬಿತ್ತು. ಮಾಮನ ಎಡಕ್ಕೆ ಡಾಕ್ಟರು, ಬಲಕ್ಕೆ ಮ್ಯಾನೇಜರು, ಎದುರಿಗೆ ಅಮ್ಮ. ನಾನು ಮಾಮನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಈ ಆಟದಲ್ಲಿ ಒಬ್ಬೊಬ್ಬರಿಗೆ ಹದಿಮೂರು ಎಲೆ, ಹದಿಮೂರು ಸುತ್ತು. ಎಷ್ಟು ಸುತ್ತು ಗೆಲ್ಲುತ್ತೇವೆಂದು ಮೊದಲೇ ಕೂಗಬೇಕು. ಕೂಗಿದ್ದರಲ್ಲಿ ಒಂದು ತಪ್ಪಿದರೂ ಸೋಲು.

ಮಾಮನ ಕೈಯಲ್ಲಿ ಆಟೀನು ಎಕ್ಕದಿಂದ ಎಂಟರವರೆಗೆ ಏಳೂ ಸಾಲಾಗಿ ಕೂತಿತ್ತು. ಅವನು ಆಟೀನನ್ನೇ ತುರುಫು ಎಂದು ಕೂಗಿದ. ತುರುಫೆಂದರೆ ಬೇರೆ ಯಾವ ಜಾತಿಯ ಎಲೆಯನ್ನಾದರೂ ಹೊಡೆಯುವ ಜಾತಿ. ಡಾಕ್ಟರು "ಪಾಸ್" ಅಂದು ಬಾಯಿ ಮುಚ್ಚುವಷ್ಟರಲ್ಲಿ ಅಮ್ಮ "ಏಳು" ಅಂದುಬಿಟ್ಟಳು. ಆರರ ಮೇಲೆ ಏಳು, ಅಂದರೆ ಹದಿಮೂರಕ್ಕೆ ಹದಿಮೂರೂ ನಮ್ಮವು. ಇದಕ್ಕೆ ಗ್ರ್ಯಾಂಡ್ ಸ್ಲ್ಯಾಮ್ ಅನ್ನುತ್ತಾರೆ. ವರ್ಷಕ್ಕೊಮ್ಮೆ ಯಾರಾದರೂ ಕೂಗುತ್ತಾರೆ, ಎರಡು ವರ್ಷಕ್ಕೊಮ್ಮೆ ಯಾರಾದರೂ ಗೆಲ್ಲುತ್ತಾರೆ.

ಡಾಕ್ಟರು ಕಳಾವರ್ ರಾಜನನ್ನು ಇಳಿಸಿದರು. ಅಮ್ಮ ನಿಯಮದಂತೆ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಡಿಸಿಟ್ಟು ಕೈಕಟ್ಟಿ ಕೂತಳು. ಇನ್ನು ಅವಳ ಎಲೆಗಳನ್ನೂ ಆಡುವವನು ಮಾಮನೇ. ಅವಳ ಸಾಲಿನಲ್ಲಿ ಕಳಾವರ್ ಎಕ್ಕ ಇತ್ತು!

ಮಾಮನ ಬಳಿ ಕಳಾವರ್ ಒಂದೂ ಇಲ್ಲ, ಹಾಗಾಗಿ ಈ ಸುತ್ತಿಗೆ ಅವನು ಯಾವ ಎಲೆ ಬೇಕಾದರೂ ಹಾಕಬಹುದು. ಇಬ್ಬರ ಎಲೆಯನ್ನೂ ಸೇರಿಸಿ ಖಚಿತವಾಗಿ ಗೆಲ್ಲುವ ಸುತ್ತುಗಳಿಗೆ ನಾನು ಬೆರಳು ಮಡಚಿದೆ. ಆಟೀನು ಏಳು, ಡೈಮಂಡಿನ ಎಕ್ಕ ರಾಜ ರಾಣಿ ಮೂರು, ಸ್ಪೇಡ್ ಎಕ್ಕ ಒಂದು, ಈ ಕಳಾವರ್ ಎಕ್ಕ ಒಂದು. ಹನ್ನೆರಡು. ಮಾಮನ ಕೈಯಲ್ಲಿ ಉಳಿದ ಸಂಶಯದ ಎಲೆ ಎರಡು: ನಾಲ್ಕನೇ ಡೈಮಂಡು ಮತ್ತು ಸ್ಪೇಡ್ ರಾಣಿ. ಎಕ್ಕ ಇಳಿಸಿದರೆ ಎರಡರಲ್ಲಿ ಒಂದನ್ನು ಅದರ ಮೇಲೆ ಎಸೆದು ಕೈತೊಳೆದುಕೊಳ್ಳಬಹುದು. ನಾನಾಗಿದ್ದರೆ ಟಪಕ್ಕನೆ ಎಕ್ಕ ಹಾಕಿ ರಾಣಿಯನ್ನು ಎಸೆಯುತ್ತಿದ್ದೆ.

ಮಾಮ ಎಲೆಗಳನ್ನು ಮೇಜಿನ ಮೇಲೆ ಕವುಚಿ ಹಾಕಿ ಸುಮ್ಮನೆ ಕೂತ.

ಒಂದು ನಿಮಿಷ, ಎರಡು ನಿಮಿಷ. ಅವನ ಕಣ್ಣು ಅಮ್ಮನ ಎಲೆಗಳ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡಿ ನಿಂತಿತು. ನಾಲ್ಕು ನಿಮಿಷ. ಏನಿದೆ ಅಷ್ಟು ಯೋಚಿಸಲು? ಅವನ ನೆತ್ತಿ ಬಿಚ್ಚಿ ಒಳಗೆ ಇಣುಕಿ ನೋಡಬೇಕೆನ್ನಿಸಿತು ನನಗೆ. ಮ್ಯಾನೇಜರು ಕನ್ನಡಕ ಒರೆಸಿದರು.

"ಎಕ್ಕ ಕಣ್ಣೆದುರಿಗೇ ಇದೆಯಲ್ಲ ಸ್ವಾಮಿ, ಹಲ್ಲು ಕೀಳೋಕೂ ನಾನಿಷ್ಟು ಹೊತ್ತು ತಗೊಳ್ಳಲ್ಲ," ಅಂದರು ಡಾಕ್ಟರು.

"ಅದಕ್ಕೇ ನಿಮ್ಮ ಹತ್ರ ಯಾರೂ ಎರಡನೇ ಸಲ ಬರಲ್ಲ," ಅಂದೆ ನಾನು. ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು.

ಆರು ನಿಮಿಷ ದಾಟಿತು. ಆಗ ಮಾಮ ಎಲೆ ಎತ್ತಿಕೊಂಡ. ಅಮ್ಮನ ಸಾಲಿನಿಂದ ಎಕ್ಕವನ್ನು ಮುಟ್ಟಲೇ ಇಲ್ಲ, ಒಂದು ಚಿಲ್ಲರೆ ಕಳಾವರ್ ಇಳಿಸಿ, ರಾಜನನ್ನು ತನ್ನ ಕೈಯ ತುರುಫಿನಿಂದ ಹೊಡೆದ. ಪುಕ್ಕಟೆ ಸಿಗುವ ಎಕ್ಕ ಬಿಟ್ಟು ತುರುಫು ಖರ್ಚು! ತಲೆ ಕೆಟ್ಟಿದೆಯೆಂದುಕೊಂಡೆ.

ಆಮೇಲೆ ಅವನ ಕೈ ನಿಲ್ಲಲಿಲ್ಲ. ಎರಡು ಸುತ್ತು ತುರುಫು ಆಡಿ ಎದುರಾಳಿಗಳ ಆಟೀನನ್ನೆಲ್ಲ ಖಾಲಿ ಮಾಡಿಸಿದ. ತನ್ನ ಡೈಮಂಡ್ ಎಕ್ಕ, ಅಮ್ಮನ ಕಡೆಯ ರಾಜ, ರಾಣಿ. ಆ ಮೂರನೇ ಸುತ್ತಿನಲ್ಲಿ ಮ್ಯಾನೇಜರು ಡೈಮಂಡಿಲ್ಲದೆ ಬೇರೆ ಎಲೆ ಎಸೆದರು. ಅಂದರೆ ಡಾಕ್ಟರ ಕೈಯಲ್ಲಿ ಇನ್ನೊಂದು ಡೈಮಂಡು ಕೂತಿದೆ, ಮಾಮನ ನಾಲ್ಕನೆಯದು ಗೆಲ್ಲುವುದಿಲ್ಲ. ನಾನು ರಾಣಿಯನ್ನು ಎಸೆದಿದ್ದರೆ ಇಲ್ಲೇ ಮಣ್ಣುಮುಕ್ಕುತ್ತಿದ್ದೆ.

ಆಗ ನನಗೆ ಬೆಳಕು ಹರಿಯಿತು. ಯಾವ ಎಲೆ ಎಸೆಯಬೇಕೆಂದು ಮೊದಲ ಸುತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಆ ಎಕ್ಕವನ್ನು ಖರ್ಚು ಮಾಡದೆ ಇಟ್ಟಿದ್ದ ಕಳ್ಳ! ಈಗ ಅದನ್ನು ಇಳಿಸಿ, ಕೆಲಸಕ್ಕೆ ಬಾರದ ಡೈಮಂಡನ್ನು ಎಸೆದ. ಅಮ್ಮನ ಕಡೆಯಿಂದ ಸಣ್ಣದೊಂದು ಸ್ಪೇಡ್ ಆಡಿದ. ಉಳಿದಿದ್ದ ಒಂದೇ ಪ್ರಶ್ನೆ, ಸ್ಪೇಡ್ ರಾಜ ಯಾರ ಹತ್ತಿರ? ಮಾಮನ ನಂತರ ಎಲೆ ಹಾಕುವ ಡಾಕ್ಟರ ಹತ್ತಿರವಿದ್ದರೆ ಅದು ರಾಣಿಯನ್ನು ಹೊಡೆಯುತ್ತದೆ, ಸೋಲು. ಮ್ಯಾನೇಜರು ಸಣ್ಣ ಎಲೆ ಹಾಕಿದರು, ಮಾಮ ರಾಣಿ ಹಾಕಿದ. ಡಾಕ್ಟರು ತಮ್ಮ ಎಲೆಗಳನ್ನು ಒಮ್ಮೆ ನೋಡಿ, ಒಂಬತ್ತನ್ನು ಇಳಿಸಿ ಕುರ್ಚಿಗೊರಗಿದರು. ರಾಜ ಮ್ಯಾನೇಜರ ಕೈಯಲ್ಲೇ ಸಿಕ್ಕಿಬಿದ್ದಿದ್ದ.

ಉಳಿದ ಐದು ಎಲೆಗಳನ್ನು ಮಾಮ ಮೇಜಿನ ಮೇಲೆ ಬಿಡಿಸಿಟ್ಟ. ಹದಿಮೂರಕ್ಕೆ ಹದಿಮೂರು. ಗಡಿಯಾರದಲ್ಲಿ ಇನ್ನೂ ಇಪ್ಪತ್ತು ಸೆಕೆಂಡಿತ್ತು. ನಾನು ಸ್ಟೂಲಿನಿಂದ ಎದ್ದು ಕಿರುಚಿಬಿಟ್ಟೆ.

ಅಮ್ಮ ನಗಲಿಲ್ಲ.

"ನಾನಾಗಿದ್ರೆ ಎಕ್ಕ ಹಾಕಿ ರಾಣಿ ಎಸೀತಿದ್ದೆ," ಅಂದಳು. "ಸೋಲ್ತಿದ್ದೆ. ಅದಿರ್ಲಿ, ಇಷ್ಟು ಲೆಕ್ಕಕ್ಕೆ ಆರು ನಿಮಿಷ ಬೇಕೇನೋ? ಗಡಿಯಾರ ಬಾರಿಸಿದ್ರೆ ಗೆದ್ದದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗ್ತಿತ್ತಲ್ಲ!"

ಮಾಮ ಎಲೆಗಳನ್ನು ಒಟ್ಟುಮಾಡುತ್ತಿದ್ದ. ಸುಳ್ಳು ಹೇಳಲು ಬಾರದವನು ಅವನು.

"ಲೆಕ್ಕ ಎರಡು ನಿಮಿಷಕ್ಕೇ ಮುಗೀತು ಅಕ್ಕ."

"ಮತ್ತೆ? ಉಳಿದ ನಾಲ್ಕು ನಿಮಿಷ ಏನ್ ಮಾಡ್ತಿದ್ದೆ?"

"ಸುಮ್ನೆ ಕೂತಿದ್ದೆ. ಮೊದಲ್ನೇ ಎಲೆ ಹಾಕಿದ್ರೆ ಆಮೇಲೆ ಮುಗಿದೇ ಹೋಗುತ್ತಲ್ಲ, ನಾವಿಬ್ರೂ ಆಡೋದು."

ಅಮ್ಮ ಎದ್ದು ಗೋಡೆಯ ಪಟ್ಟಿಯ ಹತ್ತಿರ ಹೋದಳು. ತನ್ನ ಹೆಸರಿನ ಮೇಲೆ ಗೀಟೆಳೆದಳು, ಪೆನ್ನು ಬರೆಯಲಿಲ್ಲ. ಎರಡು ಸಲ ಕೊಡವಿದಳು, ಆಗಲೂ ಬರೆಯಲಿಲ್ಲ. ಕೊನೆಗೆ ಆ ಹಾಳೆಯನ್ನೇ ಕಿತ್ತು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅದರಲ್ಲಿ ಇನ್ನೂ ಒಂಬತ್ತು ಜನರ ಹೆಸರಿತ್ತು.