ಗಿರಿಜತ್ತೆಯ ಒಬ್ಬಂಟಿ ಕಾಲಾಳು

ಅಟ್ಟದಲ್ಲಿ ಒಣಗಿದ ಉಂಡೆಕೊಬ್ಬರಿಯ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಬೇರೆಯವರಿಗೆ ಅದು ಹಬ್ಬದ ವಾಸನೆ, ನನಗೆ ಹೆದರಿಕೆಯದು. ಕಣಕಟ್ಟೆಯ ನಮ್ಮ ಮನೆಯಲ್ಲಿ ಚದುರಂಗದ ಕಾಯಿಗಳ ಚೀಲ ಕೊಬ್ಬರಿ ರಾಶಿಯ ಪಕ್ಕದಲ್ಲೇ ಇರುತ್ತಿತ್ತು. ರಾಜ, ಮಂತ್ರಿ, ಆನೆ, ಕುದುರೆ ಎಲ್ಲಕ್ಕೂ ಅದೇ ವಾಸನೆ, ಅದೇ ಜಿಡ್ಡು. ನಮ್ಮಜ್ಜ ಒಂದು ಮಾತು ಆಡಿದರೆ ಮುಗಿಯಿತು. ಅದನ್ನು ಬದಲಿಸಬೇಕೆಂದರೆ ಹಲಗೆಯ ಮುಂದೆ ಕೂತು ಅವರನ್ನು ಸೋಲಿಸಬೇಕು, ಅದು ಆ ಮನೆಯ ಕಾನೂನು. ಚಿಕ್ಕಪ್ಪ ಅರಸೀಕೆರೆಯ ಕಾಲೇಜಿಗೆ ಸೇರಿದ್ದು ಹಾಗೆ ಗೆದ್ದೇ. ಅಂಥ ಮನೆಗಳು ಈಗೆಲ್ಲಿ ಎಂದು ನೀವೂ ನನ್ನಂತೆ ನಿಟ್ಟುಸಿರು ಬಿಡಬಹುದು. ಬಿಡಿ, ಆದರೆ ಪೂರ್ತಿ ಕೇಳಿ ಬಿಡಿ.

ನಾನು ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪನ ತಂಗಿ ಗಿರಿಜತ್ತೆ ಗೆಂಡೆಹಳ್ಳಿಯ ಗಂಡನ ಮನೆಯಿಂದ, ಬೆನ್ನ ತುಂಬ ಬಾಸುಂಡೆ ಹೊತ್ತು ವಾಪಸು ಬಂದಳು. ನನಗೆ ಆಟ ಕಲಿಸಿದ್ದು ಅವಳೇ. ನಡುಹಲಗೆಯ ನನ್ನ ಕಾಲಾಳಿಗೆ ಎಡಬಲದಲ್ಲಿ ಜೊತೆಯ ಕಾಲಾಳುಗಳಿಲ್ಲದೆ ಹೋದರೆ ನಾನು ಗಾಬರಿಯಾಗಿ ಎಲ್ಲ ಕಾಯಿಗಳನ್ನೂ ಅದರ ಕಾವಲಿಗೆ ತಂದು ನಿಲ್ಲಿಸುತ್ತಿದ್ದೆ. "ಕಾವ್ಲು ಕಾಯ್ತಾ ಕೂತ್ರೆ ಅದೂ ಸಾಯ್ತದೆ, ನೀನೂ ಸಾಯ್ತೀಯ ಕಣೇ," ಎಂದು ಅತ್ತೆ ಬೈಯುತ್ತಿದ್ದಳು. "ಅಕ್ಕಪಕ್ಕ ಬಯಲೈತೆ, ಆನೆ ನುಗ್ಸು. ಅದರ ಆಸರೇಲಿ ಕುದ್ರೆ ಮುಂದಕ್ಕೆ ಕೂರ್ಸು."

ಒಂದು ಭಾನುವಾರ ಗಂಡನ ಕಡೆಯವರು ಅವಳನ್ನು ಕರೆದೊಯ್ಯಲು ಬಂದು ಜಗಲಿಯಲ್ಲಿ ಕೂತರು. ಕಳಿಸುತ್ತೇನೆಂದು ಅಜ್ಜ ಮೊದಲೇ ಮಾತು ಕೊಟ್ಟಿದ್ದರು. ಅತ್ತೆ ಅಟ್ಟ ಹತ್ತಿ ಚೀಲ ತಂದು ಒಳಗೆ ಅಜ್ಜನ ಮುಂದಿಟ್ಟಳು. ಸೋತರೆ ಅದೇ ಸಂಜೆ ಅವಳು ಹೊರಡಬೇಕು. ನಾನು ಹಲಗೆಯ ಪಕ್ಕದಲ್ಲೇ ಕೂತೆ. ಅವಳ ಕಾಲಾಳು ನಡುವೆ ಒಬ್ಬಂಟಿಯಾಗಿ ನಿಂತಿತ್ತು, ಅಜ್ಜ ಅದನ್ನೇ ಗುರಿಯಿಟ್ಟಿದ್ದರು. ಜೊತೆಗೆ ಅವರ ಕಾಲದ ಹಳೆಯ ನಿಯಮ ಬೇರೆ: ಒಮ್ಮೆಯೂ ಶಹ, ಅಂದರೆ ಚೆಕ್, ತಿನ್ನದ ರಾಜ ಒಂದು ಸಲ ಕುದುರೆಯಂತೆ ಹಾರಿ ತಪ್ಪಿಸಿಕೊಳ್ಳಬಹುದು. ಎಂಥೆಂಥ ದಾಳಿಗಳು ಆ ಹಾರಿಕೆಯ ಮುಂದೆ ಮಣ್ಣುಮುಕ್ಕಿದ್ದವೋ! ಅಷ್ಟರಲ್ಲಿ ಅತ್ತೆ ತನ್ನ ಒಂಟೆಯನ್ನು ಅಜ್ಜನ ರಾಜನ ಮುಂದೆ ಓರೆಯಲ್ಲಿದ್ದ ಕಾಲಾಳಿನ ಮೇಲೆ ಬಡಿದು ಶಹ ಎಂದಳು. ರಾಜ ಒಂಟೆಯನ್ನು ತಿಂದ. ಹೆದರಿ ತಪ್ಪು ನಡೆ ನಡೆಸಿದಳು ಎಂದು ನನಗೆ ಅಳು ಬಂತು. ಶಹ ತಿಂದ ರಾಜನಿಗೆ ಇನ್ನು ಹಾರುವ ಹಕ್ಕಿಲ್ಲ ಎಂದು ಹೊಳೆದದ್ದು ಅಜ್ಜನ ಮುಖ ನೋಡಿದ ಮೇಲೆ. ಅತ್ತೆ ಒಬ್ಬಂಟಿ ಕಾಲಾಳನ್ನು ಮುಂದೆ ನೂಕಿದಳು. ಅದು ಸತ್ತಿತು, ದಾರಿ ತೆರೆಯಿತು, ಆನೆ ಒಳಗೆ ಬಂತು. ಅಜ್ಜ ಸೋಲೊಪ್ಪಿ ತಮ್ಮ ರಾಜನನ್ನು ಮಲಗಿಸಿದರು.

ಜಗಲಿಗೆ ಹೋಗಿ, "ನನ್ ಮಗ್ಳು ಬರಾಕಿಲ್ಲ" ಎಂದರು. ಬಂದವರು ಗೊಣಗುತ್ತ ಬಸ್ಸಿಗೆ ನಡೆದ ಮೇಲೆ ಒಳಗೆ ಬಂದು ಟವಲಿನಿಂದ ಮುಖ ಒರೆಸಿಕೊಂಡರು. "ನೀನೆಲ್ಲಿ ಸೋತ್ಬುಡ್ತೀಯೋ ಅಂತ ಜೀವ ಕೈಲಿ ಹಿಡ್ಕಂಡಿದ್ದೆ ಕಣವ್ವ."

ಅತ್ತೆ ಕಾಯಿಗಳನ್ನು ಚೀಲಕ್ಕೆ ತುಂಬುತ್ತಿದ್ದವಳು ತಲೆ ಎತ್ತಿದಳು. "ಹಂಗಿದ್ರೆ ಆಟಕ್ಕೆ ಮುಂಚೇನೇ ಅವ್ರಿಗೆ ಆ ಮಾತು ಅನ್ಬೋದಿತ್ತಲ್ಲಪ್ಪಯ್ಯ?"

ಅಜ್ಜ ಟವಲನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ನಡೆದರು. ಈಗ ಅವರಿಬ್ಬರೂ ಇಲ್ಲ, ಆ ಮನೆಯೂ ಇಲ್ಲ. ಅತ್ತೆ ಕೊನೆಯವರೆಗೂ ಅಜ್ಜನಿಗೆ ಹೊತ್ತುಹೊತ್ತಿಗೆ ಮುದ್ದೆ ಬಡಿಸಿದಳು, ಕಾಲು ಒತ್ತಿದಳು. ಸಂಜೆ ಅಜ್ಜ ತಾವೇ ಎರಡೂ ಕಡೆಯ ಕಾಯಿ ಜೋಡಿಸಿಟ್ಟು ಅವಳ ದಾರಿ ನೋಡುತ್ತಿದ್ದರು. ಅವಳು ಮಾತ್ರ ಎದುರಿನ ಮಣೆಯ ಮೇಲೆ ಮತ್ತೆಂದೂ ಕೂರಲಿಲ್ಲ.