ಚಲುವಮ್ಮ ದಾಟದ ಮೈದಾನ

ಚೆಟ್ಟಳ್ಳಿಯ ಮೈದಾನದಲ್ಲಿ ಫುಟ್‌ಬಾಲ್ ನಡೆಯುತ್ತಿದ್ದರೆ ರೆಫರಿಯ ಸೀಟಿಗಿಂತ ಮೊದಲು ಕಿವಿಗೆ ಬೀಳುವುದು ಚಲುವಮ್ಮನ ಬಾಯಿ. ಆ ಬಾಯಿಗೆ ಹೆದರಿ ಮೂವರು ರೆಫರಿಗಳು ಈ ಊರಿನ ಕಡೆ ತಲೆ ಹಾಕುವುದನ್ನೇ ಬಿಟ್ಟರು ಎಂದು ಜನ ಹೇಳುತ್ತಾರೆ. ಶುದ್ಧ ಸುಳ್ಳು. ಇಬ್ಬರು ಮಾತ್ರ ಬಿಟ್ಟದ್ದು. ಮೂರನೆಯವನಿಗೆ ವರ್ಗವಾಗಿತ್ತು, ಪಾಪ.

ಹಾಗಂತ ಅವಳೇನು ಚೆಂಡಿನ ಜೊತೆ ಹುಟ್ಟಿದವಳಲ್ಲ. ಅವಳ ಅಪ್ಪ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡಿದ್ದ. ಮನೆ ತುಂಬ ಹೊಗೆಸೊಪ್ಪಿನ ವಾಸನೆ, ಶುಂಠಿಯ ಮಾತು. ಎಸ್ಟೇಟಿನಲ್ಲಿ ಪಂಪು ರಿಪೇರಿ ಮಾಡುವ ಕೆಂಪಣ್ಣನಿಗೆ ಅವಳನ್ನು ಕೊಟ್ಟರು. ಮಾತು ಕಮ್ಮಿ, ಕುಡಿತ ಇಲ್ಲ, ಇನ್ನೇನು ಬೇಕು ಅಂದರು. ಹುಡುಗ ಚೆಟ್ಟಳ್ಳಿ ಸಿಲ್ವರ್ ಸ್ಟಾರ್ ತಂಡದ ಗೋಲ್‌ಕೀಪರ್ ಎಂಬ ಸಂಗತಿಯನ್ನು ಮಾತ್ರ ಯಾರೂ ಹೇಳಲಿಲ್ಲ.

ಮದುವೆಯಾದ ಹೊಸತು. ಗಂಡ ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ ಅಂದಾಗ ಮಡಿಕೇರಿಗಿರಬಹುದು ಎಂದು ರೇಷ್ಮೆ ಸೀರೆ ಉಟ್ಟು ಹೊರಟಳು. ಹೋದದ್ದು ಮೈದಾನಕ್ಕೆ. ಗಾಳಿಬೀಡು ಊರಿನ ತಂಡದ ಮೇಲೆ ಪಂದ್ಯ. ಅರ್ಧ ಗಂಟೆ ಸುಮ್ಮನೆ ಕೂತಿದ್ದಳು, ಬೇಜಾರಾಗಿ ಆಕಳಿಸುತ್ತಿದ್ದಳು. ಅಷ್ಟರಲ್ಲಿ ಗಾಳಿಬೀಡಿನ ಆಟಗಾರನೊಬ್ಬ ಚೆಂಡು ಹಿಡಿಯಲು ಬಿದ್ದ ಕೆಂಪಣ್ಣನ ಎದೆಗೆ ಬೂಟುಗಾಲಲ್ಲಿ ಒದ್ದ. ಚಲುವಮ್ಮನಿಗೆ ಆಟ ಗೊತ್ತಿಲ್ಲದಿದ್ದರೂ ಒದೆ ಗೊತ್ತಿತ್ತು. ರೇಷ್ಮೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಚಪ್ಪಲಿ ಹಿಡಿದು ಒಳಗೆ ನುಗ್ಗಿದಳು. ಆ ಆಟಗಾರ ಇಡೀ ಮೈದಾನ ಸುತ್ತಿ ಓಡಿದ. ಅವತ್ತು ಅವನಷ್ಟು ವೇಗವಾಗಿ ಯಾರೂ ಓಡಲಿಲ್ಲ ಎಂದು ಈಗಲೂ ಹೇಳುತ್ತಾರೆ.

ಅಲ್ಲಿಂದ ಶುರುವಾದದ್ದು. ಮೈದಾನದ ರಸ್ತೆ ಬದಿಯ ದಿಬ್ಬದ ಮೇಲೆ ಒಂದು ಗಾಡಿ ಕ್ಯಾಂಟೀನ್ ಇಟ್ಟಳು. ಚಾ, ಅಕ್ಕಿ ರೊಟ್ಟಿ, ಮೊಟ್ಟೆ ಬೋಂಡ. ವ್ಯಾಪಾರ ಒಂದು ನೆಪ, ಆಟ ನೋಡಲು ಒಳ್ಳೆಯ ಜಾಗ ಬೇಕಿತ್ತು ಅಷ್ಟೇ. ಕೆಂಪಣ್ಣನ ಮೊಣಕಾಲು ಮುರಿದು ಅವನು ಆಟ ಬಿಟ್ಟರೂ ಅವಳು ಬಿಡಲಿಲ್ಲ. ಮಗಳು ಅನುಶ್ರೀಯನ್ನು ಹೆರುವ ಹಿಂದಿನ ದಿನವೂ ದಿಬ್ಬದ ಮೇಲೆ ನಿಂತು ಲೈನ್ಸ್‌ಮನ್‌ನ ಕಣ್ಣಿನ ಬಗ್ಗೆ ವಿಚಾರಿಸಿಕೊಂಡಿದ್ದಳು.

ಈ ಮೈದಾನಕ್ಕೆ ಒಂದು ಕಟ್ಟಳೆ ಇದೆ. ಯಾರೂ ಬರೆದದ್ದಲ್ಲ, ಯಾರೂ ಬೇಕೆಂದು ಮೀರಿದ್ದೂ ಇಲ್ಲ. ರಸ್ತೆ ಬದಿಯ ದಿಬ್ಬ ಚೆಟ್ಟಳ್ಳಿಯವರದು. ಎದುರಿನ ಹಳ್ಳದ ಕಡೆ ಗಾಳಿಬೀಡಿನವರದು. ವರ್ಷಕ್ಕೊಮ್ಮೆ, ಹೂಮಳೆ ಮುಗಿದು ಕಾಫಿ ಗಿಡ ಬೆಳ್ಳಗಾದ ಮೇಲೆ ಓಪನ್ ಕಪ್ ನಡೆಯುತ್ತದೆ. ಯಾವ ಊರಿನ ಯಾವ ತಂಡ ಬೇಕಾದರೂ ಬಂದು ಆಡಬಹುದು. ಗಾಳಿಬೀಡಿನವರು ಜೀಪು ತುಂಬಿಕೊಂಡು ಬಂದು ಹಳ್ಳದ ಕಡೆ ನಿಲ್ಲುತ್ತಾರೆ. ಉಳಿದ ದಿನ ಆ ಕಡೆ ಖಾಲಿ. ಖಾಲಿ ಇದ್ದರೂ ಚೆಟ್ಟಳ್ಳಿಯ ನರಪಿಳ್ಳೆ ಅಲ್ಲಿ ಹೋಗಿ ನಿಲ್ಲುವುದಿಲ್ಲ. ಒಂದು ಸಲ ಆಟೋ ನಿಂಗ ಜೋರು ಮಳೆಗೆ ಹೆದರಿ ಗಾಳಿಬೀಡಿನವರ ಟಾರ್ಪಾಲಿನ ಕೆಳಗೆ ನಿಂತುಬಿಟ್ಟ. ಚಲುವಮ್ಮ ದಿಬ್ಬದಿಂದಲೇ, "ಏನ್ಲಾ ಗಾಳಿಬೀಡು ಅಳಿಯ, ಅತ್ತೆ ಮನೇಲಿ ಊಟ ಆಯ್ತಾ?" ಎಂದು ಕೂಗಿದಳು. ಆ ಹೆಸರು ಅಂಟಿದ್ದು ಇವತ್ತಿಗೂ ಹೋಗಿಲ್ಲ. ಅವನ ನಿಜವಾದ ಮಾವನ ಮನೆ ಕೊಡ್ಲಿಪೇಟೆಯಲ್ಲಿದೆ. ಅದನ್ನು ಹೇಳಿ ಹೇಳಿ ನಿಂಗನಿಗೆ ಸಾಕಾಗಿದೆ.

ಈ ವರ್ಷ ಕಪ್ಪಿಗೆ ಇನ್ನೂ ದಿನ ಇರುವಾಗಲೇ ಸುದ್ದಿ ಬಂತು. ಜಿಲ್ಲೆಯ ಎಂಟು ದೊಡ್ಡ ತಂಡಗಳು ಸೇರಿ ತಮ್ಮದೇ ಬೇರೆ ಲೀಗ್ ಮಾಡಿಕೊಳ್ಳುತ್ತವಂತೆ. ಎಂಟರಲ್ಲಿ ಸಿಲ್ವರ್ ಸ್ಟಾರ್ ಕೂಡ ಒಂದು. ಸೇರಿದವರು ಮತ್ತೆ ಊರಿನ ಕಪ್ಪುಗಳಲ್ಲಿ ಆಡುವ ಹಾಗಿಲ್ಲ.

ಸಂಜೆ ಕ್ಯಾಂಟೀನಿನ ಮುಂದೆ ಅದೇ ಮಾತು. ಜೀಪು ಓಡಿಸುವ ಮಂಜೇಶ್‌ಗೆ ಖುಷಿಯೋ ಖುಷಿ.

"ಟರ್ಫ್ ಗ್ರೌಂಡ್ ಅಕ್ಕಾ! ಲೈಟು, ಒಳ್ಳೆ ಶೂ, ಕಾಲು ಉಳುಕಿದ್ರೆ ನೋಡಕ್ಕೆ ಡಾಕ್ಟ್ರು. ನಮ್ಮಲ್ಲಿ ಏನಿದೆ ಮಾರಾಯ್ರೆ, ಗುಂಡಿ ಬಿಟ್ರೆ? ಕೆಂಪಣ್ಣನ ಮೊಣಕಾಲು ಹೋಗಿದ್ದು ಆ ಗುಂಡೀಲೇ ಅಲ್ವಾ?"

ಚಲುವಮ್ಮ ಬಾಣಲೆಯ ಬೋಂಡ ತಿರುವಿ ಹಾಕಿದಳು. ಮಂಜೇಶ್ ಹೇಳಿದ್ದು ನಿಜವೇ. ಗಂಡ ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿಯುವುದನ್ನು ದಿನಾ ನೋಡುವವಳು ಅವಳು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅನಿಲ್‌ಕುಮಾರ್ ಒಪ್ಪಲಿಲ್ಲ. "ಆ ಲೀಗಲ್ಲಿ ಕೊನೇ ಸ್ಥಾನಕ್ಕೆ ಬಂದ್ರೂ ಮುಂದಿನ ವರ್ಷ ನಮ್ಮ ಜಾಗ ಭದ್ರ. ಸೋತವ್ರು ಹೊರಗೆ ಹೋಗಲ್ಲ, ಚೆನ್ನಾಗಿ ಆಡೋ ಹೊಸಬ್ರು ಒಳಗೆ ಬರಕ್ಕಾಗಲ್ಲ. ಸೋಲೋ ಭಯ ಇಲ್ದಿದ್ರೆ ಅದೆಂಥ ಆಟ ಮಂಜೇಶ? ಯುರೋಪಲ್ಲೂ ದೊಡ್ಡ ಕ್ಲಬ್ಬುಗಳು ಹಿಂಗೇ ಹೊರಟಿದ್ವು. ಜನ ಬೀದಿಗಿಳಿದು ಕೂಗಿದ ಮೇಲೆ ಎರಡು ದಿನಕ್ಕೆ ಎಷ್ಟೋ ಕ್ಲಬ್ಬು ಬಾಲ ಮುದುರಿಕೊಂಡ್ವು."

"ಅವರ ಕತೆ ಹಂಗಿರ್ಲಿ," ಅಂದಳು ಚಲುವಮ್ಮ. "ಆ ಎಂಟರಲ್ಲಿ ಗಾಳಿಬೀಡು ಅದೆಯೋ ಇಲ್ವೋ?"

"ಇಲ್ಲ."

"ಏನು?"

"ಇಲ್ಲಕ್ಕ. ಅವ್ರನ್ನ ಕರೆದೇ ಇಲ್ಲ. ಗಾಳಿಬೀಡಲ್ಲಿ ದೊಡ್ಡ ಜನ ಬಂದು ಕೂರಕ್ಕೆ ಜಾಗ ಇಲ್ವಂತೆ."

ಚಲುವಮ್ಮನ ಕೈಯ ಜಾಲರಿ ಸೌಟು ಎಣ್ಣೆಯೊಳಗೆ ಬಿತ್ತು. ಅವಳಿಗೆ ಅದರ ಕಡೆ ಗಮನವೇ ಇಲ್ಲ. "ಅಯ್ಯೋ ಇವರ ಮನೆ ಕಾಯ್ವಾಗ! ಗಾಳಿಬೀಡು ಇಲ್ದೆ ನಾವು ಯಾರ ಮೇಲೆ ಗೆಲ್ಲೋದ್ಲಾ? ಯಾರನ್ನ ಬಯ್ಯೋದು? ವರ್ಷವೆಲ್ಲ ಹೊಟ್ಟೇಲಿ ಕಟ್ಟಿಕೊಂಡಿರೋದನ್ನ ಆ ಟರ್ಫ್ ಹುಲ್ಲಿಗೆ ಹೇಳ್ಲಾ ನಾನು?"

ಮಂಜೇಶನ ಮುಖವೂ ಇಳಿದುಹೋಯಿತು. ಗಾಳಿಬೀಡು ಇಲ್ಲ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. "ಹಂಗಾದ್ರೆ ಬೇಡ ಬಿಡಿ ಅಕ್ಕಾ, ಲೈಟು ಯಾರಿಗೆ ಬೇಕು," ಅಂದ. ಆ ವಾರವೆಲ್ಲ ಕ್ಯಾಂಟೀನಿಗೆ ಬಂದವರಿಗೆಲ್ಲ ಚಲುವಮ್ಮ ಚಾ ಕೊಡುವ ಮೊದಲು ಲೀಗ್ ಬೇಕೋ ಬೇಡವೋ ಎಂದು ಕೇಳಿದಳು, ಬೇಡ ಎಂದು ಹೇಳಿಸಿಯೇ ಲೋಟ ಕೈಗೆ ಕೊಟ್ಟಳು. ಲೀಗ್ ಬೇಕು ಎನ್ನುವವನು ಚೆಟ್ಟಳ್ಳಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಕೆಂಪಣ್ಣ ಮಾತ್ರ ಬೇಕು ಬೇಡ ಏನೂ ಅನ್ನಲಿಲ್ಲ. "ಇದಕ್ಕೆ ಊರ ಸಭೆ ಕರೀತಾರಂತಲ್ಲ, ಯಾವತ್ತು?" ಎಂದಷ್ಟೇ ಕೇಳಿದ.

ಸಭೆ ಭಾನುವಾರ ಬೆಳಗ್ಗೆ ಮೈದಾನದಲ್ಲೇ. ಜನ ತಮ್ಮ ತಮ್ಮ ಮಾಮೂಲಿ ಜಾಗಕ್ಕೆ ಬಂದು ದಿಬ್ಬದ ಮೇಲೆ ನಿಂತರು. ತಂಡದ ಅಧ್ಯಕ್ಷ ಶಿವಪ್ರಕಾಶ್ ಮೈಕು ಹಿಡಿದ. ಅವನೇನು ಕೆಟ್ಟವನಲ್ಲ. ಹಾರ್ಡ್‌ವೇರ್ ಅಂಗಡಿ ಇಟ್ಟವನು, ಎಲ್ಲರಿಗೂ ಬೇಕಾದವನು. ಕಮಿಟಿಯಲ್ಲಿ ಅರ್ಧ ಜನ ಹೂಂ, ಅರ್ಧ ಜನ ಊಹೂಂ ಅಂದಿದ್ದರು. ಅದಕ್ಕೇ ಊರೇ ತೀರ್ಮಾನ ಮಾಡಲಿ ಎಂದು ಕರೆಸಿದ್ದ.

"ಕೈ ಎತ್ಸೋದು ಬೇಡ," ಅಂದ ಶಿವಪ್ರಕಾಶ್. "ಹೋದ ಸಲ ಜರ್ಸಿ ಬಣ್ಣಕ್ಕೆ ಕೈ ಎತ್ತಿ ಅಂದ್ರೆ ಎರಡಕ್ಕೂ ಎತ್ತಿ ಹೊಡೆದಾಡಿದ್ರಿ. ಈ ಸಲ ಕಣ್ಣಿಗೆ ಕಾಣೋ ಹಂಗೆ ಮಾಡಣ. ಲೀಗ್ ಬೇಕು ಅನ್ನೋರು ಇದ್ದಲ್ಲೇ ಇರಿ. ಬೇಡ ಅನ್ನೋರು ಎದುರಿಗೆ, ಹಳ್ಳದ ಕಡೆ ಹೋಗಿ ನಿಲ್ಲಿ. ಅಲ್ಲಿ ಜಾಸ್ತಿ ಜನ ಆದ್ರೆ ಲೀಗ್ ಕ್ಯಾನ್ಸಲ್."

ಹೇಳಿದವನಿಗೂ ತಾನು ಏನು ಹೇಳಿದೆ ಎಂದು ಹೊಳೆದಿರಲಿಲ್ಲ. ಕೇಳಿದವರಿಗೆ ಹೊಳೆಯಿತು. ಹಳ್ಳದ ಕಡೆ? ಗಾಳಿಬೀಡಿನವರ ಜಾಗಕ್ಕೆ?

ಅನಿಲ್‌ಕುಮಾರ್ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿಕೊಂಡವನ ಹಾಗೆ ಬಗ್ಗಿದ. ನಿಂಗ ಆಗಲೇ ಒಂದು ಸಲ ಸುಟ್ಟುಕೊಂಡವನು, ಆಟೋದಿಂದ ಇಳಿಯಲೇ ಇಲ್ಲ. ಚಲುವಮ್ಮ ಎಲ್ಲರ ಮುಖ ನೋಡಿದಳು. "ಹೋಗ್ರೋ! ವಾರದಿಂದ ಬೇಡ ಬೇಡ ಅಂತ ನನ್ನ ಚಾ ಕುಡಿದ್ರಲ್ಲ, ಈಗ ಕಾಲಿಗೇನು ಬಂತು?"

"ನೀವು ಮುಂದೆ ಹೋಗಿ ಅಕ್ಕಾ, ಹಿಂದೆ ನಾವಿದೀವಿ," ಅಂದ ಮಂಜೇಶ್.

ಅವಳು ಒಂದು ಕಾಲು ಮುಂದಿಟ್ಟಳು. ಇಟ್ಟ ಕಾಲು ಅಲ್ಲೇ ನಿಂತಿತು. ಯಾರಾದರೂ ನಾಲ್ಕು ಜನ ಮೊದಲು ಹೋಗಲಿ, ತಾನು ಐದನೆಯವಳಾಗಿ ಹೋದರಾಯಿತು ಎಂದುಕೊಂಡಳು. ಅಲ್ಲಿ ನಿಂತವರಿಗೆಲ್ಲ ಹೆಸರಿಟ್ಟವಳು ತಾನೇ. ಈಗ ತಾನೇ ಹೋಗಿ ನಿಂತರೆ ಈ ಊರಿನ ಬಾಯಿಗೆ ಬೀಗ ಹಾಕುವವರು ಯಾರು?

ಆಗ ಗುಂಪಿನ ಆ ತುದಿಯಿಂದ ಒಬ್ಬ ಇಳಿದ. ದಿಬ್ಬ ಇಳಿಯುವಾಗ ಸ್ವಲ್ಪ ಕುಂಟಿದ. ಯಾರ ಮುಖವನ್ನೂ ನೋಡಲಿಲ್ಲ. ತಲೆ ತಗ್ಗಿಸಿ ಮೈದಾನದ ನಡುವೆ ನಡೆದ. ಕೆಂಪಣ್ಣ!

ಗುಂಪಿನ ಹಿಂದಿನಿಂದ ಯಾವನೋ ಕೂಗಿದ: "ಗಾಳಿಬೀಡು ಅಳಿಯ! ಅತ್ತೆಗೆ ನಮಸ್ಕಾರ ಹೇಳೋ!"

ದಿಬ್ಬಕ್ಕೆ ದಿಬ್ಬವೇ ನಕ್ಕಿತು. ಅಷ್ಟು ಹೊತ್ತಿನ ಮುಜುಗರವೆಲ್ಲ ಆ ನಗುವಿನಲ್ಲಿ ಹೊರಗೆ ಬಿತ್ತು. ಮಂಜೇಶ್ ನಕ್ಕ, ರೈಟರ್ ನಕ್ಕ, ನಿಂಗ ಆಟೋದೊಳಗೆ ಹೊಟ್ಟೆ ಹಿಡಿದುಕೊಂಡ. ಚಲುವಮ್ಮನೂ ನಕ್ಕಳು. ತಡೆಯಲಾಗಲಿಲ್ಲ. ಎಷ್ಟೋ ವರ್ಷಗಳ ಅಭ್ಯಾಸ, ಕಿಸಕ್ಕನೆ ಶುರುವಾದದ್ದು ದೊಡ್ಡದಾಗಿಯೇ ಬಂತು.

ಕೆಂಪಣ್ಣ ತಿರುಗಿ ನೋಡಲಿಲ್ಲ. ಹಳ್ಳದ ಕಡೆ ಮುಟ್ಟಿ, ಇತ್ತ ಮುಖ ಮಾಡಿ, ಕೈ ಕಟ್ಟಿ ನಿಂತ.

"ಇನ್ಯಾರಾದ್ರೂ?" ಕೇಳಿದ ಶಿವಪ್ರಕಾಶ್. ಮೂರು ಸಲ ಕೇಳಿದ. ನಗುತ್ತಿದ್ದವರು ಯಾರೂ ಅಲ್ಲಾಡಲಿಲ್ಲ. ಅವನು ಫೋನು ಕಿವಿಗಿಟ್ಟು ಏನೋ ಮಾತಾಡಿ, ಮತ್ತೆ ಮೈಕಿಗೆ ಬಂದ. "ಬೇಡ ಅಂದವ್ರು ಒಬ್ರೇ. ಹಂಗಾದ್ರೆ ಸಿಲ್ವರ್ ಸ್ಟಾರ್ ಲೀಗ್ ಸೇರಿದ ಹಾಗೆ. ಎಲ್ರಿಗೂ ಅಭಿನಂದನೆ."

ಚಪ್ಪಾಳೆ ಬೀಳಲಿಲ್ಲ. ದಿಬ್ಬದ ಮೇಲಿನ ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಮಂಜೇಶನ ಬಾಯಿ ತೆರೆದದ್ದು ತೆರೆದೇ ಇತ್ತು. "ಸೇರಿದ ಹಾಗೆ ಅಂದ್ರೆ? ನಾವೆಲ್ಲ ಬೇಡ ಅಂದಿದ್ವಲ್ಲ!"

"ಮತ್ತೆ ಹೋಗಿ ನಿಲ್ಲೋದಲ್ವಾ?" ಅಂದ ಅನಿಲ್‌ಕುಮಾರ್.

"ನೀವ್ಯಾಕೆ ಹೋಗ್ಲಿಲ್ಲ?"

ರೈಟರ್ ಮತ್ತೆ ಚಪ್ಪಲಿಯ ಕಲ್ಲು ಹುಡುಕಿದ. ಚಲುವಮ್ಮ ಗುಂಪು ಸೀಳಿಕೊಂಡು ಮೈಕಿನ ಹತ್ತಿರ ಹೋದಳು. "ಶಿವಪ್ರಕಾಶಾ, ಇದು ಲೆಕ್ಕಕ್ಕಿಲ್ಲ. ಇನ್ನೊಂದ್ ಸಲ ಕೇಳಪ್ಪಾ. ಕಣ್ಣು ಮುಚ್ಚಿ ಕೇಳು, ಚೀಟಿ ಹಾಕ್ಸು, ಏನಾರ ಮಾಡು!"

"ಲೀಗಿನೋರಿಗೆ ಫೋನಲ್ಲಿ ಹೇಳಾಯ್ತಲ್ಲಕ್ಕ. ನಮ್ಮ ಜಾಗಕ್ಕೆ ಇನ್ನೊಂದು ಟೀಮು ಕಾಯ್ತಿತ್ತು, ಅವ್ರಿಗೆ ಇಲ್ಲ ಅಂದೂ ಆಯ್ತು." ಅವನ ಮುಖದಲ್ಲೂ ಗೆದ್ದವನ ಕಳೆ ಇರಲಿಲ್ಲ. "ನಾನೂ ನಿಜವಾಗ್ಲೂ ನೀವೆಲ್ಲ ಆ ಕಡೆ ಹೋಗ್ತೀರಾ ಅಂದ್ಕೊಂಡಿದ್ದೆ. ನಂಗೇ ಗರ ಬಡಿದ ಹಂಗಾಗಿದೆ."

ಚಲುವಮ್ಮ ಎದುರಿಗೆ ನೋಡಿದಳು. ಹಳ್ಳದ ಕಡೆ ಕೆಂಪಣ್ಣ ಇನ್ನೂ ಒಬ್ಬನೇ ನಿಂತಿದ್ದ. ಗುಂಪಿನಲ್ಲಿ ಯಾರಿಗೂ ಅವನನ್ನು ಕರೆಯುವ ಧೈರ್ಯ ಬರಲಿಲ್ಲ. ಅವಳು ದಿಬ್ಬ ಇಳಿದಳು. ಮೈದಾನ ಇಷ್ಟು ಅಗಲ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಿಂದೆ ಯಾರಾದರೂ ಕೂಗಿ ಅಣಕಿಸಿದರೂ ಚೆನ್ನಾಗಿತ್ತು, ಒಬ್ಬನೂ ತುಟಿ ಬಿಚ್ಚಲಿಲ್ಲ.

ಗಂಡನ ಎದುರಿಗೆ ನಿಂತು ಬಾಯಿಗೆ ಬಂದದ್ದು ಬೈಗುಳವೇ. "ಒಂದು ಮಾತು ಹೇಳ್ದೆ ಕೇಳ್ದೆ ಒಬ್ರೇ ಯಾಕ್ರೀ ಬಂದ್ರಿ? ಬತ್ತೀಯಾ ಅಂತ ನನ್ನ ಕೇಳ್ಬಾರ್ದಿತ್ತಾ?"

"ಕೇಳೋದೇನು ಚಲ್ವಿ," ಅಂದ ಕೆಂಪಣ್ಣ. ಸಿಟ್ಟಿರಲಿಲ್ಲ, ಮೊಣಕಾಲು ನೀವಿಕೊಳ್ಳುತ್ತಿದ್ದ. "ವಾರದಿಂದ ಬೇಡ ಬೇಡ ಅಂತ ಕೂಗಿದೋಳು ನೀನು. ನೀನು ನನ್ನ ಹಿಂದೇನೇ ಬತ್ತಿದ್ದೀಯ ಅಂದ್ಕೊಂಡು ನಡ್ಕೊಂಡು ಬಂದೆ. ನಡು ಗೆರೆ ದಾಟಿದ ಮೇಲೆ ದಿಬ್ಬದ ಕಡೆಯಿಂದ ನಿನ್ನ ನಗು ಕೇಳಿಸ್ತು."

"ಎಲ್ಲಾರೂ ನಗ್ತಿದ್ರಲ್ರೀ..."

"ಹೂಂ. ಅದ್ರಲ್ಲಿ ನಿನ್ನದು ಯಾವ್ದು ಅಂತ ನಂಗೆ ಗೊತ್ತಾಗಲ್ವಾ?"